ಹೆಡ್ ಇಳಿಸುವ ಮುನ್ನ ಕಂಪ್ರೆಷನ್ ಅಳೆಯಬಹುದೇ?

ಪ್ರಶ್ನೆ: ನಮಸ್ಕಾರ ಸರ್. ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ನನ್ನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ಹೆದ್ದಾರಿಯಲ್ಲೇ ಕಾದು ಕುದಿಯಿತು. ಅಂದಿನಿಂದ ಎಳೆತವಿಲ್ಲ, ನಿಂತಲ್ಲೇ ನಡುಗುತ್ತದೆ. ಮಂಡಕ್ಕಿ ಭಟ್ಟಿಗಳ ಹತ್ತಿರದ ಗ್ಯಾರೇಜಿನಲ್ಲಿ ಎಂಜಿನ್ನಿಗೆ ಗಾಳಿ ಒಯ್ಯುವ ಇಂಟೇಕ್ ಮ್ಯಾನಿಫೋಲ್ಡ್ ಮತ್ತು ರೇಡಿಯೇಟರ್ ಬಿಚ್ಚಿದ್ದಾರೆ. ಟೈಮಿಂಗ್ ಬೆಲ್ಟ್, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಹಾಗೇ ಇವೆ. ಇಷ್ಟು ಬಿಚ್ಚಿದ ಮೇಲೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿ ಪ್ರಯೋಜನವಿಲ್ಲ, ಹೆಡ್ ಇಳಿಸೋಣ ಎನ್ನುತ್ತಾರೆ. ನಿಜವೇ?

ಉತ್ತರ: ನಾನು ಒಪ್ಪಲಾರೆ. ಸಿಲಿಂಡರಿನ ಒತ್ತಡವನ್ನು ಹಿಡಿದಿಡುವುದು ಪಿಸ್ಟನ್ ರಿಂಗ್, ವಾಲ್ವ್ ಮತ್ತು ಹೆಡ್‌ಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್; ವಾಲ್ವ್‌ಗಳು ಹೊತ್ತಿಗೆ ಸರಿಯಾಗಿ ಮುಚ್ಚುವಂತೆ ಮಾಡುವುದು ಟೈಮಿಂಗ್ ಬೆಲ್ಟ್. ಬಿಚ್ಚಿಟ್ಟ ಎರಡಕ್ಕೂ ಇಲ್ಲಿ ಕೆಲಸವಿಲ್ಲ. ಬೆಲ್ಟ್ ತೆಗೆದಿದ್ದರೆ ಮಾತ್ರ ಸೆಲ್ಫ್ ಹೊಡೆಯಲೇಬಾರದು, ಏಕೆಂದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಅದನ್ನು ಬಾಗಿಸಿಬಿಡುತ್ತದೆ. ಹೆಡ್ ಇಳಿದ ಮೇಲಂತೂ ಅಳೆಯಲು ಏನೂ ಉಳಿಯದು.

ಪೆಟ್ರೋಲ್ ಪೈಪ್ ಬಿಚ್ಚಿರುವುದರಿಂದ ಮೊದಲು ಪಂಪಿನ ಫ್ಯೂಸ್ ತೆಗೆಸಿ, ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್ ಕಳಚಿಸಿ. ಮ್ಯಾನಿಫೋಲ್ಡ್ ಜೊತೆಗೆ ಅರ್ಥ್ ವೈರ್ ಬಿಚ್ಚಿದ್ದರೆ ಮರಳಿ ಬಿಗಿಸಿ. ತೆರೆದ ಪೋರ್ಟ್‌ಗಳಲ್ಲಿ ಬಟ್ಟೆ ಚೂರು, ನಟ್ಟು, ಭಟ್ಟಿಯಿಂದ ಹಾರಿ ಬಂದ ಬೂದಿ ಯಾವುದೂ ಇರಬಾರದು, ಎಂಜಿನ್ ಎಲ್ಲವನ್ನೂ ಒಳಕ್ಕೆಳೆದುಕೊಳ್ಳುತ್ತದೆ. ನಾಲ್ಕೂ ಪ್ಲಗ್ ತೆಗೆದು, ಒಂದೊಂದೇ ಪ್ಲಗ್ ರಂಧ್ರಕ್ಕೆ ಕಂಪ್ರೆಷನ್ ಗೇಜ್ ಕೂರಿಸಿ, ಪೂರ್ತಿ ಚಾರ್ಜ್ ಇರುವ ಬ್ಯಾಟರಿಯಿಂದ, ಗೇಜ್ ಮುಳ್ಳು ಐದಾರು ಸಲ ಮೇಲೇರುವಷ್ಟು ಹೊತ್ತು ಸೆಲ್ಫ್ ಹೊಡೆಸಿ. ಥ್ರಾಟಲ್ ಮ್ಯಾನಿಫೋಲ್ಡ್ ಜೊತೆಗೇ ಹೋಗಿರುವುದರಿಂದ ನೀವು ಆಕ್ಸಿಲರೇಟರ್ ಒತ್ತಿ ಹಿಡಿಯಬೇಕಾಗಿಲ್ಲ. ತಣ್ಣಗಿನ ಎಂಜಿನ್ ಕಡಿಮೆ ಅಂಕಿ ತೋರಿಸುವುದು ಸಹಜ. ನೋಡಬೇಕಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. ಅತಿ ಕಡಿಮೆಯದು ಅತಿ ಹೆಚ್ಚಿನದರ ಶೇ. 75ಕ್ಕಿಂತ ಕೆಳಗಿದ್ದರೆ ಅಲ್ಲಿ ಸೋರಿಕೆಯಿದೆ. ಆ ಸಿಲಿಂಡರಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿಸಿ; ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಪ್ರಶ್ನೆ: ಅಳೆಯಿಸಿದೆ ಸರ್. ಕ್ರಮವಾಗಿ 160, 85, 90, 155 ಪಿಎಸ್‌ಐ ಬಂತು. ಆಯಿಲ್ ಬಿಟ್ಟರೂ ನಡುವಿನವೆರಡು ಏರಲಿಲ್ಲ.

ಉತ್ತರ: ಅಕ್ಕಪಕ್ಕದ ಎರಡೇ ಹೀಗೆ ಕುಸಿದಿವೆಯೆಂದರೆ, ಅದೂ ಎಂಜಿನ್ ಕುದಿದ ಮೇಲೆ, ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಹೆಡ್ ಇಳಿಸಲೇಬೇಕು, ಆ ಮಟ್ಟಿಗೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಆದರೆ ಪಿಸ್ಟನ್ ಹೊರತೆಗೆದು ರಿಂಗ್ ಬದಲಿಸುವ ಖರ್ಚಿಗೆ ಈಗಲೇ ಒಪ್ಪಬೇಡಿ. ಇಳಿಸಿದ ಹೆಡ್ ಕಾವಿಗೆ ಸೊಟ್ಟಗಾಗಿದೆಯೇ ಎಂದು ನೇರಪಟ್ಟಿ ಮತ್ತು ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ನೋಡಿಸಿ, ಬ್ಲಾಕಿನ ಮೇಲ್ಮೈಯನ್ನೂ ಹಾಗೆಯೇ ನೋಡಿಸಿ. ಅದಕ್ಕೂ ಮೊದಲು ಹೊಸ ಗ್ಯಾಸ್ಕೆಟ್ ಕೂರಿಸಲು ಬಿಡಬೇಡಿ.