‘ದವಡೆ ಕೀಲು’ ಸಾಕೇ, ‘ಹನುಸಂಧಿ’ ಬೇಕೇ?

ಮಾನ್ಯರೇ,

ಮುಖದ ಎಡಬಲಗಳು ಒಂದೇ ಸಮನಾಗಿ ಬೆಳೆಯದವರ ದವಡೆ ಕೀಲುಗಳನ್ನು ಮೂರು ಆಯಾಮದ ಸ್ಕ್ಯಾನಿನಲ್ಲಿ ಏಕೆ ನೋಡಬೇಕೆಂದು ತಿಳಿಸುವ, ರೋಗಿಗಳ ಕೈಗೆ ಕೊಡುವ ಕರಪತ್ರವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳು ಕೈಗೆ ಹತ್ತುತ್ತಿಲ್ಲ.

ಮೊದಲು ಕೀಲಿನ ಹೆಸರು. ‘ಹನು’ ಎಂದರೆ ದವಡೆ. ಇಂದ್ರನ ವಜ್ರಾಯುಧದ ಪ್ರಕರಣದಲ್ಲಿ ಎಡದವಡೆ ಮುರಿದು ಹನುಮಂತನಿಗೆ ಆ ಹೆಸರು ಬಂತೆಂದು ವಾಲ್ಮೀಕಿ ರಾಮಾಯಣದಲ್ಲಿದೆ. (ಎಳವೆಯಲ್ಲಿ ಗದ್ದಕ್ಕೆ ಬಿದ್ದ ಪೆಟ್ಟಿನಿಂದ ಒಂದು ಕೀಲು ಕೆಟ್ಟು, ಆ ಪಕ್ಕದ ದವಡೆ ಕುಂಠಿತವಾಗಿ, ಗದ್ದ ಅತ್ತಲೇ ವಾಲುವುದನ್ನು ಕಂಡ ದಂತವೈದ್ಯರಿಗೆ ಈ ಕಥೆ ತೀರ ಹೊರಗಿನದೆನಿಸಲಾರದು.) ಆದರೂ ‘ಹನುಸಂಧಿ’ ಎಂದೊಡನೆ ವ್ಯಾಕರಣದ ಪಾಠ ಕಣ್ಣಿಗೆ ಕಟ್ಟುತ್ತದೆ. ‘ದವಡೆ ಕೀಲು’ ಎಂಬುದೇ ನನಗೆ ಮೆಚ್ಚು. ತೊಡಕೆಂದರೆ, ಬಾಗಿಲ ಕೀಲು ತಿರುಗುತ್ತದೆ ಅಷ್ಟೇ. ಈ ಕೀಲು ಬಾಯಿ ಅಗಲವಾಗಿ ತೆರೆದಾಗ ತಿರುಗುವುದರ ಜೊತೆಗೆ ಮುಂದಕ್ಕೂ ಜಾರುತ್ತದೆ. ಅದರ ಮೂಳೆತುದಿಯನ್ನು ‘ಗುಂಡು’ ಎನ್ನೋಣವೆಂದರೆ ಶಾಲೆಯಲ್ಲಿ ಓದಿದ ಚೆಂಡು-ಗುಳಿ ಕೀಲು ನೆನಪಾಗುತ್ತದೆ. ನಿಜಕ್ಕೂ ಅದು ದುಂಡಗಿಲ್ಲ, ಅಡ್ಡಕ್ಕೆ ಸುಮಾರು 15ರಿಂದ 20 ಮಿ.ಮೀ., ಹಿಂದುಮುಂದಕ್ಕೆ 8ರಿಂದ 10 ಮಿ.ಮೀ. ಇರುತ್ತದೆ. ಸದ್ಯಕ್ಕೆ ‘ದವಡೆತಲೆ’ ಎಂದು ಬರೆದಿಟ್ಟಿದ್ದೇನೆ.

‘ಮುಖದ ಅಸಮಮಿತಿ’ ಗಣಿತದ ಮಾತಾಯಿತು. ‘ಸೊಟ್ಟ ಮುಖ’ ಬೈಗುಳವಾಯಿತು, ಅಲ್ಲದೆ ‘ಮುಖ ಸೊಟ್ಟಗಾಗಿದೆ’ ಎಂದರೆ ಜನ ಲಕ್ವವೆಂದೇ ತಿಳಿಯುತ್ತಾರೆ. ‘ಎಡಬಲ ವ್ಯತ್ಯಾಸ’ ಎನ್ನಬಹುದೇ? ಇಲ್ಲಿ ಪದದ ಆಯ್ಕೆ ಬರಿಯ ಅಂದಕ್ಕಲ್ಲ. ಒಪಿಜಿ ಎಂಬ ಚಪ್ಪಟೆ ಎಕ್ಸ್‌ರೇ ತೆಗೆಯುವಾಗ ತಲೆ ತುಸು ಹೊರಳಿದರೂ ಒಂದು ಪಕ್ಕ ಹಿಗ್ಗಿ ಇಲ್ಲದ ವ್ಯತ್ಯಾಸ ಕಾಣಿಸುತ್ತದೆ. ತಲೆಯ ಸುತ್ತ ತಿರುಗಿ ಮೂರು ಆಯಾಮದ ಚಿತ್ರ ಕೊಡುವ ಕೋನ್‌ಬೀಮ್ ಸಿಟಿ ಸ್ಕ್ಯಾನಿನಲ್ಲಾದರೆ ಎರಡೂ ದವಡೆತಲೆಗಳ ಎತ್ತರ, ಗಾತ್ರಗಳನ್ನು ಇದ್ದಂತೆಯೇ ಅಳೆದು ಹೋಲಿಸಬಹುದು. ‘ತೋರಿಕೆಯ ವ್ಯತ್ಯಾಸ’, ‘ನಿಜ ವ್ಯತ್ಯಾಸ’ ಎಂದು ಬೇರ್ಪಡಿಸಿ ಹೇಳಲು ಅನುವಾಗುವ ಪದವೇ ಬೇಕು. ಕೀಲಿನ ನಡುವಣ ಡಿಸ್ಕ್ ಮಾತ್ರ ಈ ಸಿಟಿಯಲ್ಲಿ ಕಾಣದು, ಎಂಆರ್‌ಐ ಬೇಕು. ಡಿಸ್ಕಿಗೆ ‘ಮೆತ್ತೆ’ ಎಂದಿದ್ದೇನೆ.

ಕೊನೆಯದಾಗಿ, ಕರಡು ನೋಡಿದವರೊಬ್ಬರು ‘ಕೀಲುಗಳ ಮೌಲ್ಯಮಾಪನ’ ಎಂದು ತಿದ್ದಿದ್ದಾರೆ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ನೆನಪಾಗಿ ‘ತಪಾಸಣೆ’ಯನ್ನೇ ಉಳಿಸಿಕೊಂಡೆ.

‘ದವಡೆತಲೆ’ಗಿಂತ ಒಳ್ಳೆಯ ಮಾತು ನಿಮ್ಮ ಕಡೆಯ ಮೂಳೆ ಕಟ್ಟುವ ನಾಟಿವೈದ್ಯರ ಬಾಯಲ್ಲಿದ್ದರೆ, ಅದು ಯಾವ ಸೀಮೆಯ ಬಳಕೆಯೆಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.