ವೆಬ್‌ನಲ್ಲಿ ಬಣ್ಣ ಮಂಕು, ಪ್ರಿಂಟ್‌ನಲ್ಲಿ ನೀಲಿ ಹೋಗಿ ನೇರಳೆ: ಎಕ್ಸ್‌ಪೋರ್ಟ್ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ಫೋಟೋಶಾಪ್‌ನಲ್ಲಿ ಬಿಡಿಸಿದ ಚಿತ್ರ, 2000 × 2800 ಪಿಕ್ಸೆಲ್, ಬಣ್ಣವ್ಯಾಪ್ತಿ (ಕಲರ್ ಸ್ಪೇಸ್) ಅಡೋಬಿ ಆರ್‌ಜಿಬಿ. ಪಿಎನ್‌ಜಿ ಮಾಡಿ ಬ್ರೌಸರ್‌ನಲ್ಲಿ ತೆರೆದರೆ ಬಣ್ಣವೆಲ್ಲ ಸಪ್ಪೆ. ಎ3 ಪ್ರಿಂಟ್‌ನಲ್ಲಿ ಕಡುನೀಲಿ ನೇರಳೆಯಾಗಿದೆ, ಕಪ್ಪು ಗೆರೆಗಳ ಅಂಚು ಮಸುಕು. ಫೈಲ್‌ನಲ್ಲಿ 300 ಪಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್) ಅಂತಲೇ ತೋರಿಸುತ್ತಿದೆ.

ಉತ್ತರ: ಮೊದಲು ವೆಬ್. ಪ್ರೊಫೈಲ್ (ಬಣ್ಣದ ಅಂಕಿಗಳನ್ನು ಹೇಗೆ ಓದಬೇಕೆಂದು ಹೇಳುವ ಮಾಹಿತಿ) ಇಲ್ಲದ ಫೈಲನ್ನು ಬ್ರೌಸರ್ ಎಸ್‌ಆರ್‌ಜಿಬಿ (ವೆಬ್‌ನ ಸಾಮಾನ್ಯ ಬಣ್ಣವ್ಯಾಪ್ತಿ) ಎಂದೇ ಓದುತ್ತದೆ. ಅಡೋಬಿ ಆರ್‌ಜಿಬಿಯ ಅಂಕಿಗಳನ್ನು ಹಾಗೆ ಓದಿದರೆ ಬಣ್ಣ ಮಂಕಾಗಲೇಬೇಕು. ಎಕ್ಸ್‌ಪೋರ್ಟ್ ಆ್ಯಸ್‌ನಲ್ಲಿ ‘ಕನ್ವರ್ಟ್ ಟು ಎಸ್‌ಆರ್‌ಜಿಬಿ’, ‘ಎಂಬೆಡ್ ಕಲರ್ ಪ್ರೊಫೈಲ್’ ಎರಡಕ್ಕೂ ಟಿಕ್ ಹಾಕಿ. ಎಡಿಟ್ ಮೆನುವಿನ ಅಸೈನ್ ಪ್ರೊಫೈಲ್ ಮಾತ್ರ ಮುಟ್ಟಬೇಡಿ. ಅದು ಅಂಕಿಗಳನ್ನು ಹಾಗೇ ಬಿಟ್ಟು ಅರ್ಥವನ್ನಷ್ಟೇ ಬದಲಿಸುವುದರಿಂದ ಸಪ್ಪೆ ಬಣ್ಣವೇ ಖಾಯಂ ಆಗುತ್ತದೆ. ವೆಬ್‌ಗೆ ಪಿಪಿಐ ಲೆಕ್ಕಕ್ಕೇ ಬರುವುದಿಲ್ಲ, ಪಿಕ್ಸೆಲ್ ಎಷ್ಟು ಎಂಬುದಷ್ಟೇ ಮುಖ್ಯ.

ಪ್ರಿಂಟ್‌ನಲ್ಲೂ ಆ 300 ಬರೀ ಚೀಟಿ. ಎ3ಯ ಉದ್ದ 420 ಮಿ.ಮೀ., ಅಂದರೆ ಸುಮಾರು 16.5 ಇಂಚು. 2800 ಪಿಕ್ಸೆಲನ್ನು ಅಷ್ಟಕ್ಕೆ ಹಂಚಿದರೆ ಇಂಚಿಗೆ 170 ಮಾತ್ರ. ಗೆರೆ ಮಸುಕಾಗಲು ಇದೇ ಮುಖ್ಯ ಕಾರಣ. 300ಕ್ಕೆ 3508 × 4961 ಬೇಕಿತ್ತು. ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ ಟಿಕ್ ತೆಗೆದು ಕಾಗದದ ಅಳತೆ ಕೊಟ್ಟರೆ ನಿಜವಾದ ಪಿಪಿಐ ಕಾಣುತ್ತದೆ. ಟಿಕ್ ಇಟ್ಟು ಹಿಗ್ಗಿಸಿದರೆ ಪಿಕ್ಸೆಲ್ ಹೆಚ್ಚುತ್ತವೆ, ವಿವರ ಹೆಚ್ಚುವುದಿಲ್ಲ.

ಪ್ರಶ್ನೆ: ಹಾಗಾದರೆ ಎ4 ಸಾಕು. ಸಿಎಂವೈಕೆಗೆ (ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ಲೆಕ್ಕಕ್ಕೆ) ಇಲ್ಲೇ ಬದಲಿಸಿ ಕಳಿಸಬೇಕಾ?

ಇನ್ನೊಂದು ಉತ್ತರ: ಪ್ರೆಸ್‌ನವರನ್ನು ಕೇಳದೆ ಬದಲಿಸಬೇಡಿ. ಫೋಟೋ ಇಂಕ್‌ಜೆಟ್‌ನವರು ಸಾಮಾನ್ಯವಾಗಿ ಆರ್‌ಜಿಬಿಯನ್ನೇ ಕೇಳುತ್ತಾರೆ. ಆಫ್‌ಸೆಟ್ ಆದರೆ ಅವರ ಐಸಿಸಿ ಪ್ರೊಫೈಲ್ (ಅವರ ಶಾಯಿ, ಕಾಗದಕ್ಕೆ ತಕ್ಕ ಬಣ್ಣದ ಫೈಲ್) ತರಿಸಿಕೊಂಡು, ವ್ಯೂ ಮೆನುವಿನ ಪ್ರೂಫ್ ಸೆಟಪ್‌ನಲ್ಲಿ ಅದನ್ನೇ ಆರಿಸಿ, ಕಂಟ್ರೋಲ್ ವೈ ಒತ್ತಿ, ಮುದ್ರಣದಲ್ಲಿ ಬಣ್ಣ ಹೇಗಿರುತ್ತದೆಂದು ಸ್ಕ್ರೀನಿನಲ್ಲೇ ಕಾಣುತ್ತದೆ. ಸ್ಕ್ರೀನಿನ ಉಜ್ವಲ ನೀಲಿ ಶಾಯಿಗೆ ದಕ್ಕುವುದಿಲ್ಲ. ಸಯಾನ್, ಮಜೆಂಟಾ ಸೇರಿ ಅದನ್ನು ಕಟ್ಟಬೇಕು. ಎರಡೂ ಹತ್ತಿರಹತ್ತಿರ ಇದ್ದರೆ ನೇರಳೆ. ಸಯಾನ್ ಶೇ. 100 ಇದ್ದರೆ ಮಜೆಂಟಾ ಶೇ. 60–70ರಲ್ಲಿ ನಿಲ್ಲಿಸಿ.

ಕಪ್ಪು ಗೆರೆಗಳದ್ದೂ ನೋಡಿ. ಆರ್‌ಜಿಬಿ ಕಪ್ಪು ಪರಿವರ್ತನೆಯಾದಾಗ ನಾಲ್ಕೂ ಶಾಯಿಗೆ ಹಂಚಿಹೋಗುತ್ತದೆ. ಒಂದೊಂದು ಶಾಯಿಗೂ ಒಂದರಂತೆ ಇರುವ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಗೆರೆಯ ಪಕ್ಕ ಬಣ್ಣದ ಅಂಚು ಏಳುತ್ತದೆ. ಗೆರೆಗಳು ಬೇರೆ ಲೇಯರ್‌ನಲ್ಲಿದ್ದರೆ, ಲೇಯರ್ ಕೂಡಿಸದೆ ಪರಿವರ್ತಿಸಿ, ಆಮೇಲೆ ಅವಕ್ಕೆ ಬರೀ ಕೆ 100 (ಕಪ್ಪು ಶಾಯಿ ಮಾತ್ರ) ತುಂಬಿ, ಮಲ್ಟಿಪ್ಲೈ ಬ್ಲೆಂಡ್ ಮೋಡ್‌ನಲ್ಲಿಡಿ.

ಬ್ಲೀಡ್ (ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಸುತ್ತಲೂ 3 ಮಿ.ಮೀ. ಸೇರಿದರೆ ಎ4 ಅಳತೆ 216 × 303 ಮಿ.ಮೀ. ನಿಮ್ಮ ಕ್ಯಾನ್ವಾಸ್‌ನ ಅನುಪಾತ ಇದಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ, 235 ಪಿಪಿಐ ಸಿಗುತ್ತದೆ, ಚಿತ್ರಕ್ಕೆ ಸಾಕು. ಆದರೆ ಅಂಚಿನ 3 ಮಿ.ಮೀ. ಕಟಿಂಗ್‌ನಲ್ಲಿ ಹೋಗುತ್ತದೆ, ಸಹಿ ಅಲ್ಲಿದ್ದರೆ ಒಳಗೆ ತನ್ನಿ. ಪಿಎನ್‌ಜಿಯಲ್ಲಿ ಸಿಎಂವೈಕೆ ಉಳಿಯುವುದಿಲ್ಲ. ಟಿಫ್ ಅಥವಾ ಪಿಡಿಎಫ್/ಎಕ್ಸ್ (ಮುದ್ರಣಕ್ಕೆಂದೇ ಇರುವ ಪಿಡಿಎಫ್) ಕೊಡಿ, ಅದೂ ಪ್ರತಿಯಿಂದ. ಮೂಲ ಪಿಎಸ್‌ಡಿ ಆರ್‌ಜಿಬಿಯಲ್ಲೇ ಇರಲಿ.