ಸಹಾಯ ಬೇಕು: ಪಿಡಿಪಿ-11ರ ಪವರ್ ವೈರಿಂಗ್, ಕಪ್ಪು ವೈರ್ ಫೇಸಾ ನ್ಯೂಟ್ರಲ್ಲಾ?

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಿಂದ ಬರೀತಿದ್ದೇನೆ. ಅಮೆರಿಕದ ಡಿಇಸಿ ಕಂಪನಿಯ ಹಳೆಯ ಪಿಡಿಪಿ-11/34 ಮಿನಿಕಂಪ್ಯೂಟರ್ ಸಿಕ್ಕಿದೆ, ಅದಕ್ಕೆ ಮತ್ತೆ ಜೀವ ಕೊಡಬೇಕು ಅಂತ ತುಂಬಾ ಆಸೆ. ಅದಕ್ಕೆ ಕರೆಂಟ್ ಹಂಚುವ ಪೆಟ್ಟಿಗೆಯ (ಪವರ್ ಕಂಟ್ರೋಲರ್) ಮೇಲೆ 230 ವೋಲ್ಟ್ ಅಂತಲೇ ಇದೆ. ಆದರೆ ಪ್ಲಗ್ಗನ್ನು ಯಾರೋ ಕತ್ತರಿಸಿದ್ದಾರೆ. ಉಳಿದಿರುವುದು ಕಪ್ಪು, ಬಿಳಿ, ಹಸಿರು ವೈರ್.

ಕೌಲ್ ಬಜಾರಿನ ಎಲೆಕ್ಟ್ರಿಷಿಯನ್ ಅಣ್ಣ ಕಪ್ಪು ನ್ಯೂಟ್ರಲ್ ಅಂತಾರೆ. ನಮ್ಮಲ್ಲಿ ಅದು ಸರಿ, ಕೆಂಪು ತಾನೇ ಫೇಸ್. ಆದರೆ ಅಮೆರಿಕದ ವೈರಿಂಗಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್ ಅಲ್ವಾ? ಮಲ್ಟಿಮೀಟರ್ ಹಿಡಿದು ನೋಡಿದೆ. ಹಸಿರು ಬಾಡಿಗೆ ಸೇರಿದೆ, ಅದರಲ್ಲಿ ಅನುಮಾನವಿಲ್ಲ. ಕಪ್ಪು, ಬಿಳಿ ಎರಡೂ ಬ್ರೇಕರಿಗೇ ಹೋಗುತ್ತವೆ. ಹಾಗಾಗಿ ಗೊತ್ತಾಗುತ್ತಿಲ್ಲ. ಬೋರ್ಡುಗಳನ್ನು ತೆಗೆದಿಟ್ಟಿದ್ದೇನೆ, ಶಾರ್ಟ್ ಇದ್ದರೆ ಹೆಚ್ಚು ಕರೆಂಟ್ ಹರಿಯದಂತೆ ಲೈನಿನಲ್ಲಿ ಹಾಕುವ ಸೀರೀಸ್ ಬಲ್ಬ್ ಕೂಡ ರೆಡಿ ಇದೆ. ಸುಮ್ನೆ ಧೈರ್ಯ ಮಾಡಿ ಕರೆಂಟ್ ಕೊಡಲು ಮನಸ್ಸಿಲ್ಲ.

ಕಪ್ಪನ್ನು ಫೇಸಿಗೆ ಕೊಡಲಾ? ಅಥವಾ ಬ್ರೇಕರ್ ಎರಡೂ ವೈರ್ ಕಡಿಯುವುದಾದರೆ ಹೇಗೆ ಕೊಟ್ಟರೂ ನಡೆಯುತ್ತಾ?